ಗಾಡಿಗೂ ಒಂದು ಸೆರಗು



ಮನೆಗೆ ವಿದ್ಯುತ್ ಕಾರು ಬಂದ ಮೇಲೆ ಒಂದೆರಡು ತಿಂಗಳು ಎಲ್ಲರ ಮಾತೂ ಬ್ಯಾಟರಿ, ಚಾರ್ಜಿಂಗ್, ಕಿಲೋಮೀಟರುಗಳ ಸುತ್ತಲೇ ಇರುತ್ತದೆ. ಆಮೇಲೆ ಒಂದು ಭಾನುವಾರ ಮಕ್ಕಳು ಪಾರ್ಕಿಂಗಿನಲ್ಲಿ ನಿಂತು, "ಅಪ್ಪಾ, ನಮ್ಮ ಸೊಸೈಟಿಯಲ್ಲಿ ಇಂಥದ್ದೇ ಬಿಳಿ ಕಾರು ಇನ್ನೂ ಆರು ಇವೆ. ನಮ್ಮದಕ್ಕೆ ಏನಾದರೂ ಮಾಡಿಸೋಣ" ಅನ್ನುತ್ತಾರೆ. ಅಲ್ಲಿಗೆ ರ‍್ಯಾಪ್ ಎಂಬ ಶಬ್ದ ಮನೆಯೊಳಗೆ ಕಾಲಿಟ್ಟ ಹಾಗೆ. ಮಗನಿಗೆ ಹೊಳಪಿಲ್ಲದ ಕಪ್ಪು ಬೇಕು. ಮಗಳಿಗೆ ಹೂಬಳ್ಳಿ ಬೇಕು. ಅಪ್ಪನಿಗೆ ಖರ್ಚಿನ ಚಿಂತೆ. ಅಮ್ಮನಿಗೆ ಅದು ಮದುವೆ ದಿಬ್ಬಣದ ಗಾಡಿಯ ಹಾಗೆ ಕಂಡೀತೆಂಬ ಅಳುಕು. ಇವರಲ್ಲಿ ಯಾರ ಮಾತೂ ಸುಳ್ಳಲ್ಲ. ನಾಲ್ವರಿಗೂ ಒಪ್ಪುವಂತೆ ಚಿತ್ತಾರ ಆರಿಸುವುದು ಹೇಗೆ ಎಂಬುದೇ ಇಂದಿನ ನಮ್ಮ ಮಾತು.

ರ‍್ಯಾಪ್ ಅಂದರೆ ಬಣ್ಣ ಬಳಿಯುವುದಲ್ಲ, ಉಡಿಸುವುದು. ಹಿಂದೆ ಅಂಟಿರುವ ತೆಳ್ಳನೆಯ ವಿನೈಲ್ ಹಾಳೆಯನ್ನು ಕಾರಿನ ಮೈಮೇಲೆ ಎಳೆದು, ಬಿಸಿಗಾಳಿಯಿಂದ ಮೆದು ಮಾಡಿ, ಮೂಲೆ ಮಡಿಕೆಗಳಲ್ಲಿ ಒತ್ತಿ ಕೂರಿಸುತ್ತಾರೆ. ಕಂಪನಿಯ ಮೂಲ ಬಣ್ಣ ಅದರ ಕೆಳಗೆ ಹಾಗೆಯೇ ಇರುತ್ತದೆ. ಬೇಡವೆನಿಸಿದಾಗ ಕಳಚಿ ತೆಗೆಯಬಹುದು. ಕೆಲವು ಕಂಪನಿಗಳು ತಾವೇ ಈ ಅಲಂಕಾರವನ್ನು ಒದಗಿಸತೊಡಗಿವೆ. 2023ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಪುಟ್ಟ ಎಂಜಿ ಕಾಮೆಟ್ ಕಾರನ್ನು ಬಗೆಬಗೆಯ ಸ್ಟಿಕ್ಕರ್ ಅಲಂಕಾರಗಳ ಜೊತೆಗೇ ಮಾರಾಟಕ್ಕಿಟ್ಟರು.

ಚಿತ್ತಾರ ಆರಿಸುವ ಮೊದಲು ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಇದನ್ನು ನೋಡುವವರು ಯಾರು? ನೀವಂತೂ ಅಲ್ಲ, ನೀವು ಸ್ಟೀರಿಂಗ್ ಹಿಡಿದು ಒಳಗೆ ಕೂತಿರುತ್ತೀರಿ. ನೋಡುವವರು ರಸ್ತೆ ದಾಟುವ ಅಜ್ಜಿ, ಪಕ್ಕದ ರಿಕ್ಷಾದವನು, ಹಿಂದಿನ ಬಸ್ಸಿನ ಚಾಲಕ. ವಿದ್ಯುತ್ ಕಾರಿನ ವಿಷಯದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ನಿಧಾನವಾಗಿ ಸಾಗುವಾಗ ಅದಕ್ಕೆ ಇಂಜಿನ್ನಿನ ಸದ್ದಿಲ್ಲ. ಗಲ್ಲಿಯಲ್ಲಿ, ಸೊಸೈಟಿಯ ಗೇಟಿನ ಬಳಿ, ಶಾಲೆಯ ಮುಂದೆ ಅದು ಬಂದದ್ದು ಕಿವಿಗೆ ಗೊತ್ತಾಗುವುದಿಲ್ಲ. ಕಿವಿಗೆ ಕೇಳದ ಗಾಡಿ ಕಣ್ಣಿಗಾದರೂ ಕಾಣಬೇಕಲ್ಲವೇ? ಡಾಂಬರಿನ ಬಣ್ಣದ, ಹೊಳಪಿಲ್ಲದ ಕಪ್ಪು ಬೂದು ಹೊದಿಕೆಯಲ್ಲಿ ಅದೇ ಗಾಡಿ ಮಳೆಗಾಲದ ಸಂಜೆ ರಸ್ತೆಯೊಳಗೇ ಕರಗಿಹೋಗುತ್ತದೆ. ಚಂದವೇನೋ ಹೌದು. ಆದರೆ ಆ ಚಂದದ ಬೆಲೆಯನ್ನು ತೆರುವವರು ರಸ್ತೆ ದಾಟುವವರು.

ಚಿತ್ತಾರಕ್ಕೆ ಆಕಾರವನ್ನು ಎತ್ತಿ ತೋರಿಸುವ ಶಕ್ತಿಯೂ ಇದೆ, ಮರೆಮಾಚುವ ಶಕ್ತಿಯೂ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಬ್ರಿಟನ್ನಿನ ಚಿತ್ರಕಾರ ನಾರ್ಮನ್ ವಿಲ್ಕಿನ್ಸನ್ ಹಡಗುಗಳ ಮೈಮೇಲೆ ಅಡ್ಡಾದಿಡ್ಡಿ ಪಟ್ಟೆಗಳನ್ನು ಬಳಿಸುವ ಸಲಹೆ ಕೊಟ್ಟರು. ಹಡಗು ಎತ್ತ ಮುಖ ಮಾಡಿದೆ, ಎಷ್ಟು ವೇಗದಲ್ಲಿದೆ ಎಂಬುದು ಶತ್ರುವಿಗೆ ತಿಳಿಯಬಾರದೆಂಬುದೇ ಅದರ ಉದ್ದೇಶ. ಇಂದಿಗೂ ಕಾರು ತಯಾರಕರು ಹೊಸ ಮಾದರಿಯನ್ನು ರಸ್ತೆಯಲ್ಲಿ ಪರೀಕ್ಷಿಸುವಾಗ ಸುಳಿಸುಳಿಯಾದ ಕಪ್ಪು ಬಿಳುಪು ಹಾಳೆ ಸುತ್ತುತ್ತಾರೆ. ಅದೂ ಆಕಾರ ಮರೆಮಾಡಲಿಕ್ಕೇ. ಹಾಗಾದರೆ ಇಡೀ ಕಾರಿನ ತುಂಬ ಗಿಜಿಗಿಜಿ ಚಿತ್ರ ತುಂಬಿಸಿದರೆ ಏನಾಗುತ್ತದೆ? ಕಾರಿನ ಚೆಲುವಾದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ದುಡ್ಡು ಕೊಟ್ಟು ಆಕಾರ ಮರೆಸಿಕೊಂಡ ಹಾಗಾಗುತ್ತದೆ.

ಇನ್ನೇನು ಮಾಡಬೇಕು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಮನೆಯ ಬೀರು ತೆರೆದು ಒಂದು ಇಳಕಲ್ ಸೀರೆಯನ್ನು ಹೊರತೆಗೆಯಿರಿ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಈ ಸೀರೆ ಮುಂಬಯಿ ಪುಣೆಯವರಿಗೆ ಹೊಸತಲ್ಲ. ಇಲ್ಲಿಯ ಹಿರಿಯ ಹೆಂಗಸರು ಅದನ್ನು 'ಇರಕಲ್' ಎಂದು ಕರೆದು ತಲೆಮಾರುಗಳಿಂದ ಉಟ್ಟಿದ್ದಾರೆ. ಅದರ ಏರ್ಪಾಡು ನೋಡಿ. ಒಡಲು ಶಾಂತ; ಒಂದೇ ಬಣ್ಣ ಅಥವಾ ಸಣ್ಣ ಚೌಕಳಿ. ಎರಡು ಕಡೆ ಗಟ್ಟಿಯಾದ ದಡಿ. ಒಂದು ಕೊನೆಗೆ ಕೆಂಪು ಬಿಳಿಯ ತೋಪು ತೆನಿ ಸೆರಗು. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಚಿತ್ತಾರ ಎಲ್ಲ ಕಡೆ ಇಲ್ಲ. ಇರಬೇಕಾದ ಕಡೆ ಮಾತ್ರ ಇದೆ. ಅದಕ್ಕೇ ಎದ್ದು ಕಾಣುತ್ತದೆ.

ಕಾರಿಗೂ ಇದೇ ಕ್ರಮ ಹೊಂದುತ್ತದೆ. ಒಡಲಿನ ಬಣ್ಣ ಕಂಪನಿ ಕೊಟ್ಟದ್ದೇ ಇರಲಿ. ಬಾಗಿಲುಗಳ ಕೆಳಗಡೆ ಒಂದು ದಡಿ ಹಾಯಲಿ. ಹಿಂಬಾಗಿಲು ಅಥವಾ ಡಿಕ್ಕಿಯ ಮೇಲೆ ಸೆರಗು ಬರಲಿ. ಹಿಂದಿನ ಕಿಟಕಿಯ ಪಕ್ಕದ ಕಂಬವಿದೆಯಲ್ಲ, ದಡಿಯೂ ಸೆರಗೂ ಕೂಡಿಕೊಳ್ಳುವ ಕೊಂಡಿಯ ಜಾಗ ಅದು. ಹೀಗೆ ಮಾಡಿದರೆ ಚಂದದ ಜೊತೆಗೆ ಇನ್ನೂ ನಾಲ್ಕು ಲಾಭಗಳಿವೆ.

ಮೊದಲನೆಯದು ಕಾಗದಪತ್ರದ ವಿಷಯ. ನಿಮ್ಮ ಗಾಡಿಯ ನೋಂದಣಿ ಪತ್ರದಲ್ಲಿ ಬಣ್ಣ ಯಾವುದೆಂದು ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಆ ಪತ್ರದ ವಿವರಗಳಿಗೂ ಗಾಡಿಗೂ ತಾಳೆಯಾಗದಂಥ ಬದಲಾವಣೆ ಮಾಡುವಂತಿಲ್ಲ. ಬಿಳಿ ಎಂದು ಬರೆದ ಕಾರನ್ನು ಪೂರ್ತಿ ನೇರಳೆ ಮಾಡಿಸಿದರೆ, ನಾಕಾಬಂದಿಯಲ್ಲಿ ನಿಂತ ಪೊಲೀಸರಿಗೆ ಅದು ಕದ್ದ ಮಾಲಿನ ಹಾಗೆ ಕಂಡರೆ ಅವರ ತಪ್ಪಲ್ಲ. ಪೂರ್ತಿ ಬಣ್ಣ ಬದಲಿಸಲೇಬೇಕೆಂದಿದ್ದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಪತ್ರದಲ್ಲಿ ತಿದ್ದುಪಡಿ ಮಾಡಿಸಿಕೊಂಡೇ ಮುಂದುವರಿಯಿರಿ. ಒಡಲು ಮೂಲ ಬಣ್ಣದಲ್ಲೇ ಉಳಿದರೆ ಈ ತಲೆನೋವೇ ಬರುವುದಿಲ್ಲ.

ಎರಡನೆಯದು ಬಿಸಿಲು. ಚೆನ್ನೈ, ಹೈದರಾಬಾದು, ದಿಲ್ಲಿಯ ಕೇಳುಗರು ಇದನ್ನು ಗಮನಿಸಬೇಕು. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಒಂದೇ ಮಾದರಿಯ ಎರಡು ಕಾರುಗಳನ್ನು, ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ್ದು, ಬಿಸಿಲಿನಲ್ಲಿ ನಿಲ್ಲಿಸಿ ಅಳೆದರು. ಬೆಳ್ಳಿ ಕಾರಿನ ಮೇಲ್ಚಾವಣಿ 25 ಡಿಗ್ರಿಯವರೆಗೂ ತಂಪಾಗಿತ್ತು. ಒಳಗಿನ ಗಾಳಿ ಸುಮಾರು 5ರಿಂದ 6 ಡಿಗ್ರಿ ಕಡಿಮೆ ಇತ್ತು. ಪೆಟ್ರೋಲ್ ಕಾರಿನಲ್ಲಿ ಎಸಿ ಓಡುವುದು ಇಂಜಿನ್ನಿನಿಂದ. ನಿಮ್ಮ ಕಾರಿನಲ್ಲಿ ಅದೇ ಬ್ಯಾಟರಿಯಿಂದ. ಮೇಲ್ಚಾವಣಿಗೆ ಕಪ್ಪು ಹಾಳೆ ಹೊದಿಸಿ, ಆಮೇಲೆ ಅದರ ಬಿಸಿ ಇಳಿಸಲು ಬ್ಯಾಟರಿ ಖರ್ಚು ಮಾಡುವುದು ಯಾವ ಜಾಣತನ? ಹಾಳೆಯ ತೂಕದ ಚಿಂತೆ ಮಾತ್ರ ಬೇಡ. ಇಡೀ ಕಾರಿಗೆ ಸುತ್ತಿದರೂ ಅದು ಕೆಲವೇ ಕಿಲೋ.

ಮೂರನೆಯದು ರಿಪೇರಿ. ಮಹಾನಗರದಲ್ಲಿ ಕಾರು ಅಂದ ಮೇಲೆ ಬಂಪರಿನ ಮೂಲೆ ತರಚುವುದು, ಬೈಕಿನವರ ಹ್ಯಾಂಡಲ್ ಬಾಗಿಲಿಗೆ ಗೀರುವುದು ಇದ್ದದ್ದೇ. ಬಾನೆಟ್ಟಿನಿಂದ ಹಿಂದಿನ ಬಾಗಿಲಿನವರೆಗೆ ಒಂದೇ ದೊಡ್ಡ ನವಿಲು ಗರಿ ಬಿಚ್ಚಿ ನಿಂತಿದೆ ಅನ್ನಿ. ನಡುವಿನ ಬಾಗಿಲು ಕೆಟ್ಟರೆ ಆ ತುಂಡನ್ನು ಮತ್ತೆ ಮುದ್ರಿಸಬೇಕು. ಹಳೆಯ ಹಾಳೆ ಬಿಸಿಲಿಗೆ ಮಾಸಿರುತ್ತದೆ, ಹೊಸದು ಬೇರೆಯಾಗಿಯೇ ಕಾಣುತ್ತದೆ. ಒಂದೊಂದು ಭಾಗಕ್ಕೂ ತನ್ನಷ್ಟಕ್ಕೆ ಮುಗಿಯುವ ಚಿತ್ತಾರವಿದ್ದರೆ ಕೆಟ್ಟದ್ದನ್ನಷ್ಟೇ ಬದಲಿಸಬಹುದು. ಮುದ್ರಣದ ಮೂಲ ಕಡತವನ್ನು ಅಂಗಡಿಯವರಿಂದ ಕೇಳಿ ಇಟ್ಟುಕೊಳ್ಳಲು ಮರೆಯಬೇಡಿ. ಅಪಘಾತವಾದರೆ ಹಾಳೆಯ ಖರ್ಚು ಪಾಲಿಸಿಯಲ್ಲಿ ಸೇರುತ್ತದೆಯೇ ಎಂದು ವಿಮೆಯವರನ್ನೂ ಮೊದಲೇ ಕೇಳಿ.

ನಾಲ್ಕನೆಯದು ಅಪ್ಪನ ಚಿಂತೆ, ಅಂದರೆ ಖರ್ಚು. ಪೂರ್ತಿ ಹೊದಿಕೆಗೆ ಹತ್ತಾರು ಸಾವಿರ ರೂಪಾಯಿ ಬೇಕು. ಒಳ್ಳೆಯ ಹಾಳೆ, ದೊಡ್ಡ ಕಾರು ಆದರೆ ಲಕ್ಷವನ್ನೂ ದಾಟುತ್ತದೆ. ದಡಿ ಮತ್ತು ಸೆರಗಿಗೆ ಅದರ ಒಂದು ಪಾಲು ಸಾಕು. ಉಳಿದ ದುಡ್ಡಿನಲ್ಲಿ ಉತ್ತಮ ಗುಣಮಟ್ಟದ ಹಾಳೆಯನ್ನೇ ಕೊಳ್ಳಬಹುದು.

ಜಾಗ ನಿಶ್ಚಯವಾಯಿತು. ಇನ್ನು ಆ ಜಾಗಕ್ಕೆ ಯಾವ ಚಿತ್ತಾರ?

ಇಲ್ಲೊಂದು ಸರಳ ಸೂತ್ರವಿದೆ. ಸಮತಟ್ಟಾದ ಕಡೆ ಲೆಕ್ಕದ ಚಿತ್ತಾರ, ಉಬ್ಬು ತಗ್ಗಿನ ಕಡೆ ಬಳ್ಳಿಯ ಚಿತ್ತಾರ. ಧಾರವಾಡದ ಕಸೂತಿಯನ್ನು ನೆನಪಿಸಿಕೊಳ್ಳಿ. ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯ ಎಂಬ ಅದರ ನಾಲ್ಕು ಹೊಲಿಗೆಗಳೂ ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ನೇರ ಗೆರೆಗಳಲ್ಲೇ ಮೂಡುತ್ತವೆ. ಇಂಥ ಚಿತ್ತಾರವನ್ನು ಬಾಗಿಲಿನ ನಡುಭಾಗಕ್ಕೆ ಹಾಕಿ, ಕಣ್ಣಿಗೆ ಹಬ್ಬ. ಅದನ್ನೇ ಬಂಪರಿನ ಮೂಲೆಗೆ ಹಾಕಿದರೆ ಹಾಳೆ ಹಿಗ್ಗಿ ಗೋಪುರ ವಾಲುತ್ತದೆ, ಆನೆಯ ಹೊಟ್ಟೆ ಉಬ್ಬುತ್ತದೆ. ಚೌಕಳಿಯಲ್ಲಿ ಒಂದು ಗೆರೆ ಸೊಟ್ಟಗಾದರೂ ದೂರದಿಂದಲೇ ಗೊತ್ತಾಗುತ್ತದೆ. ಬಳ್ಳಿ, ಎಲೆ, ಮೋಡ, ಅಲೆಗಳಾದರೆ ಸ್ವಲ್ಪ ಹಿಗ್ಗಿದರೂ ಬಳ್ಳಿಯೇ, ಅಲೆಯೇ.

ಗೋಡೆಯ ಮೇಲಿನ ಚಿತ್ರ ಕಾರಿಗೆ ಒಪ್ಪುತ್ತದೆಯೇ ಎಂದು ಕೆಲವರಿಗೆ ಅನುಮಾನವಿರಬಹುದು. ದಕ್ಷಿಣ ಆಫ್ರಿಕದ ಎಸ್ತರ್ ಮಾಲಾಂಗು ಎಂಬ ಕಲಾವಿದೆ ತಮ್ಮ ಂಡೆಬೆಲೆ ಜನಾಂಗದ ಹೆಂಗಸರು ಮನೆಗೋಡೆಗೆ ಬರೆಯುವ ದಪ್ಪ ಗೆರೆಯ ಚಿತ್ತಾರವನ್ನು 1991ರಲ್ಲಿ ಒಂದು ಬಿಎಂಡಬ್ಲ್ಯು ಕಾರಿನ ಮೇಲೆ ಬರೆದರು. ಆ ಕಂಪನಿ ಕಲಾವಿದರಿಂದ ಕಾರು ಬರೆಸುವ ಪದ್ಧತಿಯನ್ನು 1975ರಲ್ಲಿ ಶುರುಮಾಡಿತ್ತು. ಅದರಲ್ಲಿ ಮೊದಲ ಮಹಿಳೆ ಇವರೇ. 2024ರಲ್ಲಿ ಅದೇ ಕಂಪನಿ ಇವರ ಚಿತ್ತಾರದ ಸ್ಫೂರ್ತಿಯಿಂದ ಒಂದು ವಿದ್ಯುತ್ ಕಾರನ್ನು ಪ್ರದರ್ಶನಕ್ಕಾಗಿ ಸಿದ್ಧಪಡಿಸಿತು. ವಿದ್ಯುತ್ ಹರಿಸಿದರೆ ಅದರ ಮೇಲಿನ ಬಣ್ಣಗಳು ತಾವಾಗಿಯೇ ಬದಲಾಗುತ್ತವೆ. ಮಣ್ಣಿನ ಗೋಡೆಯಿಂದ ಹೊರಟ ಗೆರೆ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ನಮ್ಮಲ್ಲೂ ಅಂಥ ಗೋಡೆಗಳಿವೆ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಹಸೆ ಚಿತ್ತಾರವಿದೆ. ಮುಂಬಯಿಯ ನೆರೆಯಲ್ಲೇ, ಪಾಲಘರ್ ಠಾಣೆ ಜಿಲ್ಲೆಗಳಲ್ಲಿ ವಾರ್ಲಿ ಚಿತ್ರವಿದೆ. ಎರಡರಲ್ಲೂ ಕೆಂಪು ಕಂದಿನ ಮೇಲೆ ಬಿಳಿ ಗೆರೆ. ಸಂಜೆಯ ಮಬ್ಬಿನಲ್ಲೂ ಎದ್ದು ಕಾಣುತ್ತದೆ. ಕಪ್ಪೇ ಬೇಕೆಂದು ಹಟ ಹಿಡಿದ ಮಗನಿಗೆ ಬೀದರಿನ ಬಿದರಿ ಕೆಲಸ ತೋರಿಸಿ: ಕಪ್ಪು ಮೈ, ಬೆಳ್ಳಿಯ ಹೂ. ಹಿಂಬಾಗಿಲಿನ ಸೆರಗಿಗೆ ಅದು ತುಂಬ ಒಪ್ಪುತ್ತದೆ. ಕಪ್ಪಿನ ಮೇಲೆ ಬೆಳ್ಳಿಗೆರೆ ಇರುವುದರಿಂದ ಹಿಂದೆ ಬರುವವರಿಗೂ ಕಾಣುತ್ತದೆ. ಇಂಥ ಚಿತ್ತಾರವನ್ನು ಎಲ್ಲಿಂದಲೋ ಎತ್ತಿ ಮುದ್ರಿಸಬೇಡಿ. ಈ ಕಲೆ ಬಲ್ಲವರಿಂದ ಕಾಗದದ ಮೇಲೆ ಬರೆಸಿ, ಸಂಭಾವನೆ ಕೊಟ್ಟು, ಅದನ್ನು ಸ್ಕ್ಯಾನ್ ಮಾಡಿಸಿ. ಫೋನಿನಲ್ಲಿ ಬಂದ ಸಣ್ಣ ಚಿತ್ರವನ್ನು ಬಾಗಿಲಿನಷ್ಟು ಹಿಗ್ಗಿಸಿದರೆ ಮಸುಕು ಮಸುಕಾಗಿಯೂ ಬರುತ್ತದೆ.

ಚಿತ್ತಾರದ ಗಾತ್ರ ಎಷ್ಟಿರಬೇಕು? ಅಂಗಡಿಯ ಕಂಪ್ಯೂಟರಿನ ಪರದೆಯನ್ನು ನಂಬಬೇಡಿ. ಆರಿಸಿದ ಚಿತ್ತಾರದ ಒಂದು ತುಂಡನ್ನು ನಿಜವಾದ ಅಳತೆಯಲ್ಲೇ ಕಾಗದದ ಮೇಲೆ ಮುದ್ರಿಸಿ ಬಾಗಿಲಿಗೆ ಟೇಪು ಹಚ್ಚಿ. ರಸ್ತೆಯ ಆಚೆಗೆ ನಿಂತು ನೋಡಿ. ಮೂರನೆಯ ಮಹಡಿಯ ಬಾಲ್ಕನಿಯಿಂದ ನೋಡಿ. ಸಂಜೆ ಬೀದಿದೀಪದಲ್ಲೂ ನೋಡಿ. ತೀರ ಸಣ್ಣ ಕುಸುರಿ ದೂರಕ್ಕೆ ಬರಿಯ ಬೂದಿಯಾಗಿ ಕಾಣುತ್ತದೆ, ದಪ್ಪ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಆ ಕಾಗದವನ್ನು ಒಂದು ವಾರ ಹಾಗೆಯೇ ಬಿಡಿ. ಒಂದೇ ವಾರದಲ್ಲಿ ಬೇಸರ ತಂದ ಚಿತ್ತಾರ ನಾಲ್ಕು ವರ್ಷ ನಿಮ್ಮ ಜೊತೆ ಬಾಳೀತೇ?

ಕನ್ನಡದ ಅಕ್ಷರ ಬರೆಸುವ ಆಸೆ ಹೊರನಾಡಿನ ನಮಗೆ ಸಹಜ. ಬರೆಸಿ, ಆದರೆ ಒಂದು ಪದ ಒಂದೇ ಬಾಗಿಲಿನೊಳಗೆ ಮುಗಿಯಲಿ. ಎರಡು ಬಾಗಿಲುಗಳ ನಡುವೆ ಹಂಚಿಹೋದ ಪದ ಬಾಗಿಲು ತೆರೆದಾಗ ಬೇರೇನನ್ನೋ ಹೇಳಿಬಿಡುತ್ತದೆ. ಒತ್ತಕ್ಷರದ ಮೇಲೆ ಹಿಡಿಕೆಯೋ ಚಾರ್ಜಿಂಗ್ ಮುಚ್ಚಳವೋ ಬರದಂತೆಯೂ ನೋಡಿಕೊಳ್ಳಿ.

ಇನ್ನು ಮಾಡಬಾರದ ಕೆಲವು ಸಂಗತಿಗಳು. ಸೈನ್ಯದ ಆಲಿವ್ ಹಸಿರು ಈಗ ಹುಡುಗರಿಗೆ ಬಹಳ ಪ್ರಿಯ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮ ಆ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲಿಟ್ಟಿದೆ. ಗಾಜಿನ ಮೇಲೆ ಅಲಂಕಾರದ ಹಾಳೆ ಬೇಡ. ಮುಂದಿನ ಹಿಂದಿನ ಗಾಜುಗಳಲ್ಲಿ ಶೇಕಡಾ 70, ಪಕ್ಕದವುಗಳಲ್ಲಿ ಶೇಕಡಾ 50ರಷ್ಟಾದರೂ ಬೆಳಕು ಹಾಯಬೇಕೆಂಬುದು ನಿಯಮ. ಹಸಿರು ನಂಬರ್ ಪ್ಲೇಟು ವಿದ್ಯುತ್ ಗಾಡಿಯ ಗುರುತು. ಖಾಸಗಿ ಕಾರಿಗೆ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಳದಿ. ಅದರ ಅಂಚನ್ನೂ ಮುಟ್ಟಬೇಡಿ. ರಾಷ್ಟ್ರಧ್ವಜವನ್ನು ವಾಹನದ ಮೈಮೇಲೆ ಹೊದಿಸುವುದನ್ನು ಧ್ವಜ ಸಂಹಿತೆ ಒಪ್ಪುವುದಿಲ್ಲ. ಕೆಸರು ಸಿಡಿಯುವ ಬಾಗಿಲ ಬುಡದಲ್ಲಿ ದೇವರ ಚಿತ್ರ ಬೇಡವೆಂದು ನಾನು ಹೇಳಬೇಕಾಗಿಲ್ಲ.

ಕಾರಿನ ಮುಖದ ಬಗ್ಗೆ ಒಂದು ಎಚ್ಚರಿಕೆ. ಇಂಜಿನ್ ಇಲ್ಲದ್ದರಿಂದ ಎಷ್ಟೋ ವಿದ್ಯುತ್ ಕಾರುಗಳ ಮುಂಭಾಗ ಜಾಲರಿಯಿಲ್ಲದೆ ಬರಿದಾಗಿ, ಚಿತ್ರ ಬರೆಯಲೆಂದೇ ಬಿಟ್ಟ ಹಾಗಿರುತ್ತದೆ. ಆದರೆ ಅಲ್ಲೇ ಕ್ಯಾಮೆರಾ, ಪಾರ್ಕಿಂಗ್ ಸೆನ್ಸರ್, ಕೆಲವು ಕಾರುಗಳಲ್ಲಿ ರಾಡಾರ್ ಅಡಗಿರುತ್ತವೆ. ಸೆನ್ಸರಿನ ಮೇಲೆ ಹಾಳೆ ಬಂದರೆ ಅದು ಅಡ್ಡಿಯನ್ನು ಗುರುತಿಸಲಾರದು. ಲೋಹದ ಅಂಶವಿರುವ ಕನ್ನಡಿ ಹೊಳಪಿನ ಹಾಳೆ ರಾಡಾರನ್ನೇ ತಡೆಯಬಲ್ಲದು. ಬಿದರಿಯ ಬೆಳ್ಳಿ ಬೇಕಾದರೆ ಬಿಳಿ ಬೂದು ಶಾಯಿಯಲ್ಲಿ ಮುದ್ರಿಸಿ, ಕ್ರೋಮ್ ಹಾಳೆ ಬೇಡ. ಬಂಪರಿನ ಕೆಳಗಿನ ಗಾಳಿಕಂಡಿಯನ್ನು ಮುಚ್ಚಬೇಡಿ, ಬ್ಯಾಟರಿಗೂ ತಂಪು ಬೇಕು. ಬಣ್ಣದ ವಾರಂಟಿಗೆ ಧಕ್ಕೆಯಿಲ್ಲವೆಂದು ಕಾರಿನ ಕಂಪನಿಯಿಂದ ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಅಂಗಡಿಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ, "ಹಾಳೆ ಕಾಸ್ಟ್ ಬಗೆಯದೋ, ಕ್ಯಾಲೆಂಡರ್ಡ್ ಬಗೆಯದೋ?" ಕಾಸ್ಟ್ ಹಾಳೆ ಸುಮಾರು 50 ಮೈಕ್ರಾನ್ ದಪ್ಪ, ಉಬ್ಬು ತಗ್ಗಿಗೆ ಬಾಗಿ ಕೂರುತ್ತದೆ, ಸುಲಭವಾಗಿ ಕುಗ್ಗುವುದಿಲ್ಲ. ಕ್ಯಾಲೆಂಡರ್ಡ್ ಹಾಳೆ ಅಗ್ಗ, ದಪ್ಪ. ಬಿಸಿಲಿಗೆ ಕುಗ್ಗಿ ಅಂಚು ಬಿಡುತ್ತದೆ. ಮುದ್ರಿತ ಚಿತ್ತಾರದ ಮೇಲೆ ಬಿಸಿಲು ತಡೆಯುವ ಇನ್ನೊಂದು ಪಾರದರ್ಶಕ ಪದರ ಇರಲೇಬೇಕು. ಶಾಯಿ ಪೂರ್ತಿ ಒಣಗಿದ ಮೇಲೆ ಅದನ್ನು ಹಚ್ಚಬೇಕು, ಆದ್ದರಿಂದ "ನಾಳೆಯೇ ಕೊಡಿ" ಎಂದು ಅವಸರ ಮಾಡಬೇಡಿ. ಕಾರಿಗೆ ಮರುಬಣ್ಣ ಮಾಡಿಸಿದ ಭಾಗವಿದ್ದರೆ ಅದನ್ನು ಮೊದಲೇ ಹೇಳಿ. ಹಾಳೆ ತೆಗೆಯುವಾಗ ಅಲ್ಲಿಯ ಬಣ್ಣವೂ ಕಿತ್ತು ಬರಬಹುದು. ಬಾನೆಟ್ ಮತ್ತು ಮೇಲ್ಚಾವಣಿಯ ಹಾಳೆ ಬಾಗಿಲಿನದಕ್ಕಿಂತ ಬೇಗ ಮುಪ್ಪಾಗುತ್ತದೆ. ಆಯುಷ್ಯ ಮುಗಿಯುವ ಮೊದಲೇ ತೆಗೆಸಿ. ಒಣಗಿ ಸಿಡಿದ ಹಾಳೆಯನ್ನು ಕೀಳುವುದು ಅಂಗಡಿಯವರಿಗೂ ಶಿಕ್ಷೆ, ನಿಮ್ಮ ಜೇಬಿಗೂ ಶಿಕ್ಷೆ.

ನಿತ್ಯದ ಆರೈಕೆ ಹೆಚ್ಚಿಲ್ಲ. ಮೊದಲ ವಾರ ನೀರು ಹಾಕಿ ತೊಳೆಯಬೇಡಿ. ಪಾರಿವಾಳದ ಹಿಕ್ಕೆ, ಮರದ ಅಂಟು ಬಿದ್ದರೆ ಅಂದೇ ಒರೆಸಿ. ಆಯುಧಪೂಜೆಯ ದಿನ ಅರಿಸಿನ ಕುಂಕುಮವನ್ನು ಮುಂದಿನ ಗಾಜಿನ ಮೂಲೆಗೆ ಇಡಿ. ಹೊಳಪಿಲ್ಲದ ಬಿಳಿ ಹಾಳೆಗೆ ಹತ್ತಿದ ಅರಿಸಿನ ಬೇಗ ಬಿಡುವುದಲ್ಲ.

ಶ್ರೋತೃಗಳೇ, 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಟಾಗ ಜನ ನಿಂತು ತಿರುಗಿ ನೋಡುತ್ತಿದ್ದರು, ಏಕೆಂದರೆ ಅಂಥದ್ದು ಬೇರೆ ಇರಲಿಲ್ಲ. ಇಂದು ಪ್ರತಿ ಸಿಗ್ನಲ್ಲಿನಲ್ಲೂ ಹಸಿರು ಪ್ಲೇಟು ಕಾಣುತ್ತದೆ. ಇನ್ನು ತಿರುಗಿ ನೋಡುವಂತೆ ಮಾಡುವ ಕೆಲಸ ನಿಮ್ಮ ಚಿತ್ತಾರದ್ದು. ಅದು ಗದ್ದಲ ಮಾಡದಿರಲಿ. ಒಡಲು ಶಾಂತವಾಗಿರಲಿ, ದಡಿ ಗಟ್ಟಿಯಾಗಿರಲಿ, ಸೆರಗು ದೂರಕ್ಕೆ ಕಾಣಲಿ. ರಸ್ತೆ ದಾಟಲು ನಿಂತ ಅಜ್ಜಿಗೆ ನಿಮ್ಮ ಸದ್ದಿಲ್ಲದ ಗಾಡಿ ಹತ್ತು ಹೆಜ್ಜೆ ಮೊದಲೇ ಕಂಡರೆ ನೀವು ಕೊಟ್ಟ ದುಡ್ಡು ಸಾರ್ಥಕವಾಯಿತೆಂದು ತಿಳಿಯಿರಿ. ಆ ಅಜ್ಜಿಗೆ "ಅರೆ, ಇದು ನಮ್ಮ ಇರಕಲ್ಲಿನ ಸೆರಗಲ್ಲವೇ" ಅನ್ನಿಸಿದರೆ ಇನ್ನೂ ಸಂತೋಷ.